ಜರ್ಮನಿಗೆ ವರ್ಗಾವಣೆಯಾದ ಸೈನಿಕ ಕುಟುಂಬ: ಹೊರಡುವ ಮೊದಲು ಏನೇನು ಸಿದ್ಧವಾಗಿರಬೇಕು?

ಪ್ರಶ್ನೆ

ನನ್ನ ಪತಿ ಅಮೆರಿಕದ ಭೂಸೇನೆಯಲ್ಲಿ ಸಾರ್ಜೆಂಟ್ ಆಗಿದ್ದಾರೆ. ಈಗ ಟೆಕ್ಸಾಸ್‌ನಲ್ಲಿರುವ ನಮಗೆ ಬವೇರಿಯಾದ ಫಿಲ್ಸೆಕ್‌ಗೆ ಮೂರು ವರ್ಷಗಳ ವರ್ಗಾವಣೆಯ ಆದೇಶ ಬಂದಿದ್ದು, ಬೇಸಿಗೆಯ ಕೊನೆಗೆ ಅವರು ಅಲ್ಲಿ ಹಾಜರಾಗಬೇಕಾಗಿದೆ. ನಾನು ಹಾಸನದವಳು. ಗ್ರೀನ್ ಕಾರ್ಡ್ ಇದೆ, ಪಾಸ್‌ಪೋರ್ಟ್ ಮಾತ್ರ ಭಾರತದ್ದೇ. ಏಳು ವರ್ಷದ ಮಗಳು ಅಮೆರಿಕದಲ್ಲಿ ಹುಟ್ಟಿದವಳು, ಅವಳಿಗೆ ಆಸ್ತಮಾ ಇದೆ. ಒಂದು ಕಾರು ಮತ್ತು ಒಂದು ನಾಯಿ ನಮ್ಮೊಂದಿಗಿವೆ. ಯಾವ ಕೆಲಸವನ್ನು ಮೊದಲು ಹಿಡಿಯಬೇಕು, ಏನನ್ನು ಒಯ್ಯಬೇಕು, ಮನೆಯನ್ನು ಸೇನಾ ನೆಲೆಯ ಒಳಗೆ ಪಡೆಯಬೇಕೇ ಹೊರಗೆ ಪಡೆಯಬೇಕೇ ಎಂಬುದನ್ನು ಈ ದಾರಿಯಲ್ಲಿ ನಡೆದವರು ತಿಳಿಸಿದರೆ ಉಪಕಾರವಾಗುತ್ತದೆ.

ಗ್ರಾಫೆನ್‌ವ್ಯೋರ್ ಬಳಿ ನೆಲೆಸಿರುವ ಒಬ್ಬರ ಉತ್ತರ

ನಮಸ್ಕಾರ. ನೀವು ಬರುತ್ತಿರುವ ಊರು ನಮ್ಮ ನೆರೆಯದೇ ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಎಲ್ಲಕ್ಕಿಂತ ಮೊದಲು ಕಾಗದಪತ್ರಗಳನ್ನು ಹಿಡಿಯಿರಿ. ಸಾಮಾನು ತಡವಾಗಿ ಬಂದರೆ ಕೆಲವು ವಾರ ಕಷ್ಟಪಟ್ಟು ಬದುಕಬಹುದು, ಆದರೆ ಕಾಗದ ತಡವಾದರೆ ಪತಿ ಒಬ್ಬರೇ ವಿಮಾನ ಹತ್ತಿ, ನೀವು ಮತ್ತು ಮಗಳು ಹಿಂದೆ ಉಳಿಯಬೇಕಾಗುತ್ತದೆ.

ಆದೇಶದಲ್ಲಿ ನಿಮ್ಮಿಬ್ಬರ ಹೆಸರೂ ಇದೆಯೇ ಎಂದು ಇಂದೇ ನೋಡಿ. ಇದಕ್ಕೆ ಕಮಾಂಡ್ ಸ್ಪಾನ್ಸರ್‌ಶಿಪ್ ಎನ್ನುತ್ತಾರೆ. ಅದು ಮಂಜೂರಾಗದಿದ್ದರೆ ಕುಟುಂಬದ ಪ್ರಯಾಣ, ವಸತಿ, ಮಗಳ ಶಾಲೆ ಇವೆಲ್ಲವೂ ತೊಡಕಿಗೆ ಸಿಲುಕುತ್ತವೆ. ಅದು ಮಂಜೂರಾಗಲು ಕುಟುಂಬದ ಪ್ರತಿಯೊಬ್ಬರ ವೈದ್ಯಕೀಯ ತಪಾಸಣೆ ಮುಗಿದಿರಬೇಕು. ಮಗಳಿಗೆ ಆಸ್ತಮಾ ಇರುವುದರಿಂದ ವಿಶೇಷ ಆರೈಕೆ ಬೇಕಾದ ಸದಸ್ಯರ ಕಾರ್ಯಕ್ರಮದಲ್ಲಿ, ಅಂದರೆ ಇಎಫ್‌ಎಂಪಿಯಲ್ಲಿ, ಅವಳ ಹೆಸರನ್ನು ನೋಂದಾಯಿಸಲು ಹೇಳುವ ಸಾಧ್ಯತೆ ಹೆಚ್ಚು. ಇದನ್ನು ಕಂಡು ಹೆದರಬೇಡಿ, ಮುಚ್ಚಿಡಲೂ ಬೇಡಿ. ಫಿಲ್ಸೆಕ್‌ನಲ್ಲಿರುವುದು ಸೇನೆಯ ಚಿಕಿತ್ಸಾಲಯ ಮಾತ್ರ. ದೊಡ್ಡ ಸೇನಾ ಆಸ್ಪತ್ರೆಯಿರುವ ಲಾಂಡ್‌ಸ್ಟೂಲ್ ದೇಶದ ಪಶ್ಚಿಮ ತುದಿಯಲ್ಲಿದೆ. ತುರ್ತು ಸಂದರ್ಭದಲ್ಲಿ ನಾವೆಲ್ಲ ಹೋಗುವುದು ಅಂಬೆರ್ಗ್ ಅಥವಾ ವೈಡನ್ ಪಟ್ಟಣದ ಜರ್ಮನ್ ಆಸ್ಪತ್ರೆಗಳಿಗೆ. ಹಾಗಾಗಿ ಮಗಳಿಗೆ ಬೇಕಾದ ಆರೈಕೆ ಇಲ್ಲಿ ಸಿಗುತ್ತದೆಯೇ ಎಂಬುದನ್ನು ಅವರು ಮೊದಲೇ ಪರಿಶೀಲಿಸುವುದು ಅವಳ ಹಿತಕ್ಕೇ. ಇನ್‌ಹೇಲರ್ ಮತ್ತು ಔಷಧಿಗಳನ್ನು ಮೂರು ತಿಂಗಳಿಗೆ ಸಾಲುವಷ್ಟು ಕೈಚೀಲದಲ್ಲೇ ಇಟ್ಟುಕೊಳ್ಳಿ. ಕಳುಹಿಸುವ ಸಾಮಾನಿನಲ್ಲಿ ಎಂದಿಗೂ ಹಾಕಬೇಡಿ.

ಮಗಳಿಗೆ ಸರ್ಕಾರಿ ಪ್ರಯಾಣಕ್ಕಾಗಿ ಕೊಡುವ ಶುಲ್ಕರಹಿತ ಪಾಸ್‌ಪೋರ್ಟ್ ಬೇಕು. ಅದರ ಜೊತೆಗೆ ನೀಲಿ ಬಣ್ಣದ ಸಾಮಾನ್ಯ ಪಾಸ್‌ಪೋರ್ಟನ್ನೂ ಮಾಡಿಸಿ, ನೆರೆಯ ದೇಶಗಳಿಗೆ ಸುತ್ತಾಡಲು ಹೋಗುವಾಗ ಬೇಕಾಗುವುದು ಅದೇ. ಹದಿನಾರು ವರ್ಷದೊಳಗಿನ ಮಕ್ಕಳ ಅರ್ಜಿಗೆ ತಂದೆ ತಾಯಿ ಇಬ್ಬರೂ ಖುದ್ದಾಗಿ ಹಾಜರಿರಬೇಕು. ಪತಿ ತರಬೇತಿಗಾಗಿ ಹೊರಗೆ ಹೋಗುವವರಿದ್ದರೆ, ಡಿಎಸ್-3053 ಎಂಬ ಒಪ್ಪಿಗೆ ಪತ್ರಕ್ಕೆ ನೋಟರಿಯ ಎದುರು ಸಹಿ ಹಾಕಿಸಿ ಇಟ್ಟುಕೊಳ್ಳಿ.

ಇನ್ನು ನಿಮ್ಮ ವಿಷಯ. ಭಾರತೀಯ ಪಾಸ್‌ಪೋರ್ಟ್ ಇರುವ ನಮ್ಮಂಥವರಿಗೆ ಶುಲ್ಕರಹಿತ ಪಾಸ್‌ಪೋರ್ಟ್ ಸಿಗುವುದಿಲ್ಲ, ನಮ್ಮದೇ ಪಾಸ್‌ಪೋರ್ಟ್ ಮೇಲೆ ಪ್ರಯಾಣ ಮಾಡಬೇಕು. ನೇಟೋ ರಾಷ್ಟ್ರಗಳು 1951ರಲ್ಲಿ ಲಂಡನ್‌ನಲ್ಲಿ ಸಹಿ ಮಾಡಿದ ಒಪ್ಪಂದ ಮತ್ತು ಜರ್ಮನಿಗೆ ಅನ್ವಯಿಸುವ 1959ರ ಪೂರಕ ಒಪ್ಪಂದದ ಅಡಿಯಲ್ಲಿ ಸೈನಿಕರ ಅವಲಂಬಿತರು ಇಲ್ಲಿ ನೆಲೆಸಬಹುದು. ಒಪ್ಪಂದದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಇಲ್ಲಿನವರು ಸೋಫಾ ಸ್ಥಾನಮಾನ ಎನ್ನುವುದು ಇದನ್ನೇ. ಆದರೆ ಇಲ್ಲಿ ನೆಲೆಸುವ ಹಕ್ಕು ಬೇರೆ, ಗಡಿ ದಾಟಿ ಒಳಬರುವ ಕ್ರಮ ಬೇರೆ. ಹೂಸ್ಟನ್‌ನಲ್ಲಿ ಜರ್ಮನ್ ಕಾನ್ಸುಲೇಟ್ ಇದೆ. ಆದೇಶದ ಪ್ರತಿ, ವಿವಾಹ ಪ್ರಮಾಣಪತ್ರ ಮತ್ತು ಪಾಸ್‌ಪೋರ್ಟಿನ ಪ್ರತಿಗಳೊಂದಿಗೆ ಅಲ್ಲಿಗೆ ಬರೆದು, ಪ್ರವೇಶದ ವೀಸಾ ವಿಷಯವನ್ನು ಲಿಖಿತ ಉತ್ತರದ ಮೂಲಕವೇ ಇತ್ಯರ್ಥ ಮಾಡಿಕೊಳ್ಳಿ. ಘಟಕದಲ್ಲಿ ಯಾರೋ ಬಾಯಿಮಾತಿನಲ್ಲಿ ಹೇಳಿದ್ದನ್ನು ನಂಬಿ ಟಿಕೆಟ್ ಮಾಡಿಸಬೇಡಿ, ಏಕೆಂದರೆ ಅವರು ಹೇಳುವುದು ಬಹುಪಾಲು ಅಮೆರಿಕದ ಪಾಸ್‌ಪೋರ್ಟ್ ಇರುವವರಿಗೆ ಅನ್ವಯಿಸುವ ಮಾತಾಗಿರುತ್ತದೆ. ಹಾಗೆಯೇ ಈ ಸ್ಥಾನಮಾನವನ್ನು ತೋರಿಸುವ ಸೋಫಾ ಪ್ರಮಾಣಪತ್ರವನ್ನು ಜರ್ಮನಿಯೊಳಗಿನ ದಾಖಲೆ ಎಂದೇ ತಿಳಿಯಿರಿ. ಫ್ರಾನ್ಸಿಗೋ ಇಟಲಿಗೋ ಹೊರಡುವ ಮೊದಲು ನಿಮ್ಮ ಮಟ್ಟಿಗೆ ಪ್ರತ್ಯೇಕವಾಗಿ ವಿಚಾರಿಸಬೇಕಾಗುತ್ತದೆ.

ಗ್ರೀನ್ ಕಾರ್ಡ್ ಬಗ್ಗೆ ಹೇಳುವುದಾದರೆ, ಸೇನೆಯ ಆದೇಶದ ಮೇಲೆ ಪತಿಯೊಂದಿಗೆ ವಿದೇಶದಲ್ಲಿರುವ ಸಂಗಾತಿಗೆ ಕಾನೂನಿನಲ್ಲಿ ವಿಶೇಷ ರಕ್ಷಣೆಯಿದೆ. ಆದರೂ ಆದೇಶದ ಪ್ರತಿಯಿಲ್ಲದೆ ಪ್ರಯಾಣ ಮಾಡಬೇಡಿ. ಅಮೆರಿಕದ ಪೌರತ್ವ ಪಡೆಯುವ ಮನಸ್ಸಿದ್ದರೆ, ಪೌರತ್ವ ಕಾಯ್ದೆಯ 319ನೆಯ ಕಲಮಿನಲ್ಲಿ ವಿದೇಶದಲ್ಲಿ ನೇಮಕವಾದ ಸೈನಿಕರ ಸಂಗಾತಿಗಳಿಗೆ ಸಾಮಾನ್ಯ ವಾಸಾವಧಿಯನ್ನು ಸಡಿಲಿಸುವ ಅವಕಾಶವಿದೆ. ಪತಿಯ ನೆಲೆಯ ಕಾನೂನು ನೆರವು ಕಚೇರಿಯಲ್ಲಿ ಈ ವಿಷಯವನ್ನು ಹೊರಡುವ ಮೊದಲೇ ಮಾತನಾಡಿ. ಪೌರತ್ವ ಬದಲಾದ ಕ್ಷಣದಿಂದ ಭಾರತದ ಪಾಸ್‌ಪೋರ್ಟ್ ಬಳಸುವಂತಿಲ್ಲ, ಅದನ್ನು ಒಪ್ಪಿಸಿ ಒಸಿಐ, ಅಂದರೆ ಸಾಗರೋತ್ತರ ಭಾರತೀಯರ ಕಾರ್ಡ್, ಪಡೆಯಬೇಕು. ಹಾಸನಕ್ಕೆ ಹೋಗಿಬರುವ ಯೋಜನೆಯಿದ್ದರೆ ದಿನಾಂಕಗಳನ್ನು ಅದಕ್ಕೆ ಹೊಂದಿಸಿಕೊಳ್ಳಿ. ಪಾಸ್‌ಪೋರ್ಟ್ ನವೀಕರಣ ಮುಂತಾದ ಕೆಲಸಗಳಿಗೆ ಭಾರತದ ಕಾನ್ಸುಲೇಟ್ ಮ್ಯೂನಿಕ್‌ನಲ್ಲಿದೆ.

ಕೈಸರ್ಸ್‌ಲೌಟರ್ನ್ ಕಡೆಯ ಒಬ್ಬರ ಉತ್ತರ

ಕಾಗದಪತ್ರಗಳ ಬಗ್ಗೆ ಮೇಲಿನವರು ಹೇಳಿದ್ದಕ್ಕೆ ನಾನು ಸೇರಿಸುವುದು ಏನೂ ಇಲ್ಲ. ಮನೆಯ ವಿಷಯ ಬರೆಯುತ್ತೇನೆ.

ನೆಲೆಯ ಹೊರಗೆ ಮನೆ ಪಡೆಯುವುದಾದರೆ ಸೇನೆಯ ವಸತಿ ಕಚೇರಿಯ ಮೂಲಕವೇ ಪಡೆಯಿರಿ. ಅಲ್ಲಿ ಎರಡೂ ಭಾಷೆಗಳಲ್ಲಿರುವ ಕರಾರುಪತ್ರ ಸಿಗುತ್ತದೆ, ಅವಧಿಗೆ ಮುನ್ನ ವರ್ಗಾವಣೆಯಾದರೆ ಬಿಟ್ಟು ಹೋಗಲು ಅನುಕೂಲವಾಗುವ ಷರತ್ತು ಅದರಲ್ಲಿ ಇರುತ್ತದೆ. ಜಾಹೀರಾತಿನಲ್ಲಿ ಕಾಣುವ ಬಾಡಿಗೆ ಸಾಮಾನ್ಯವಾಗಿ ಕಾಲ್ಟ್‌ಮೀಟೆ, ಎಂದರೆ ಬರಿಯ ಗೋಡೆಗಳ ಬಾಡಿಗೆ. ನೀರು, ಕಸ, ಬಿಸಿ ಕಾಯಿಸುವ ವೆಚ್ಚ ಅದರ ಮೇಲೆ ಬೀಳುತ್ತದೆ, ವರ್ಷಕ್ಕೊಮ್ಮೆ ಲೆಕ್ಕ ಹಾಕಿ ಬಾಕಿ ಕೇಳುತ್ತಾರೆ. ಮುಂಗಡ ಠೇವಣಿ ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್‌ಮೀಟೆಯವರೆಗೆ ಇರಬಹುದು. ಅಷ್ಟು ಹಣವನ್ನು ಒಮ್ಮೆಲೇ ಹೊಂದಿಸುವುದು ಕಷ್ಟವಾದರೆ ವಸತಿ ಭತ್ಯೆಯನ್ನು ಮುಂಗಡವಾಗಿ ಕೇಳಿ ಪಡೆಯುವ ಕ್ರಮವಿದೆ. ಬಂದ ಮೊದಲ ವಾರವೇ ಅದನ್ನು ಕೇಳಿ.

ಜರ್ಮನಿಯ ಅನೇಕ ಬಾಡಿಗೆ ಮನೆಗಳಲ್ಲಿ ಅಡುಗೆಮನೆಯ ಕಪಾಟು, ಒಲೆ, ಬಟ್ಟೆಯ ಬೀರು, ಕೊನೆಗೆ ದೀಪಗಳೂ ಇರುವುದಿಲ್ಲ. ಛಾವಣಿಯಿಂದ ಬರಿಯ ತಂತಿ ಇಳಿಬಿದ್ದಿರುತ್ತದೆ. ಮನೆ ನೋಡುವಾಗ ಏನೇನು ಉಳಿಸಿ ಹೋಗುತ್ತಾರೆ ಎಂಬುದನ್ನು ಕೇಳಿ ಬರೆಸಿಕೊಳ್ಳಿ. ಸಾಮಾನು ಹಡಗಿನಲ್ಲಿ ಬರುವ ತನಕ ಸೇನೆಯಿಂದ ಎರವಲು ಪೀಠೋಪಕರಣ ಸಿಗುತ್ತದೆ.

ಕಿಟಕಿಗಳನ್ನು ದಿನಕ್ಕೆ ಎರಡು ಬಾರಿಯಾದರೂ ಪೂರ್ತಿ ತೆರೆದು ಗಾಳಿಯಾಡಿಸುವುದು ಇಲ್ಲಿ ಬಾಡಿಗೆದಾರರ ಕರ್ತವ್ಯ. ಎಷ್ಟೇ ಚಳಿಯಿರಲಿ ಇದನ್ನು ಬಿಡುವಂತಿಲ್ಲ. ಗಾಳಿ ಸೋರದಂತೆ ಕಟ್ಟಿದ ಈ ಮನೆಗಳಲ್ಲಿ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ಸಂಜೆ ಬಟ್ಟೆ ಒಣಗಿಸುವುದು ಎಲ್ಲ ಸೇರಿ ಎದ್ದ ಆವಿ ಗೋಡೆಗೆ ಕೂತು ಬೂಸ್ಟು ಹಿಡಿಯುತ್ತದೆ, ಮನೆ ಬಿಡುವಾಗ ಠೇವಣಿಯಲ್ಲಿ ಅದರ ದುರಸ್ತಿಯ ಹಣ ಕಳೆಯುತ್ತಾರೆ. ಮಗಳಿಗೆ ಆಸ್ತಮಾ ಇರುವ ಮನೆಯಲ್ಲಿ ಹಣಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ. ಮನೆ ನೋಡಲು ಹೋದಾಗ ಮೂಲೆಗಳನ್ನೂ ಬಚ್ಚಲುಮನೆಯ ಛಾವಣಿಯನ್ನೂ ಕಣ್ಣಿಟ್ಟು ನೋಡಿ.

ಸೇವೆಯಲ್ಲಿರುವ ಹುಬ್ಬಳ್ಳಿಯ ಒಬ್ಬರ ಉತ್ತರ

ಕಾರು ಮತ್ತು ನಾಯಿಯ ಬಗ್ಗೆ ಚಿಕ್ಕದಾಗಿ. ಸರ್ಕಾರದ ವೆಚ್ಚದಲ್ಲಿ ಒಂದು ಕಾರನ್ನು ಕಳುಹಿಸಬಹುದು. ತಯಾರಕರು ಹಿಂದಕ್ಕೆ ಕರೆದ ದೋಷ ಸರಿಪಡಿಸದೆ ಬಾಕಿ ಇದ್ದರೆ ಅದನ್ನು ಸ್ವೀಕರಿಸುವುದಿಲ್ಲ, ಟ್ಯಾಂಕಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಇಂಧನವೂ ಇರಬಾರದು. ಇಲ್ಲಿ ಓಡಿಸಲು ಸೇನೆ ಕೊಡುವ ಪ್ರತ್ಯೇಕ ಪರವಾನಗಿ ಬೇಕು, ಅದಕ್ಕೆ ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಲೈಸೆನ್ಸ್ ಆಧಾರ. ಸಹೋದರಿ, ನಿಮ್ಮ ಲೈಸೆನ್ಸಿನ ಅವಧಿ ನೋಡಿಕೊಂಡು ಟೆಕ್ಸಾಸ್‌ನಲ್ಲೇ ನವೀಕರಿಸಿ, ಲಿಖಿತ ಪರೀಕ್ಷೆಗೂ ಅಲ್ಲಿಂದಲೇ ಓದಿಕೊಳ್ಳಿ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು ಎಂಬ ನಿಯಮ ಅಮೆರಿಕದಿಂದ ಬಂದವರನ್ನು ಹೆಚ್ಚು ಗೊಂದಲಕ್ಕೆ ಈಡುಮಾಡುತ್ತದೆ. ಎಚ್ಚರಿಕೆಯ ತ್ರಿಕೋನ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹೊಳೆಯುವ ಮೇಲಂಗಿ ಕಾರಿನಲ್ಲಿ ಇರಲೇಬೇಕು. ಹಿಮ ಬಿದ್ದ ರಸ್ತೆಗೆ ಪರ್ವತ ಮತ್ತು ಹಿಮಹರಳಿನ ಗುರುತಿರುವ ಟೈರುಗಳೇ ಆಗಬೇಕು, ಟೆಕ್ಸಾಸ್‌ನ ಟೈರುಗಳಲ್ಲಿ ಅದು ಅಪರೂಪ.

ನಾಯಿಗೆ 15 ಅಂಕಿಗಳ ಮೈಕ್ರೋಚಿಪ್ ಹಾಕಿಸಿ, ಅದಾದ ನಂತರವೇ ರೇಬೀಸ್ ಲಸಿಕೆ ಕೊಡಿಸಬೇಕು. ಕ್ರಮ ಹಿಂದುಮುಂದಾದರೆ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಮೊದಲ ಲಸಿಕೆಯಾದರೆ 21 ದಿನ ಕಾಯಬೇಕು. ಪಿಟ್‌ಬುಲ್, ಬುಲ್ ಟೆರಿಯರ್, ಸ್ಟಾಫರ್ಡ್‌ಶೈರ್ ತಳಿಗಳನ್ನು ಜರ್ಮನಿಗೆ ತರುವಂತಿಲ್ಲ. ಬವೇರಿಯಾದ ಪಟ್ಟಿ ಇನ್ನೂ ಉದ್ದವಾಗಿದೆ, ರಾಟ್‌ವೈಲರ್ ಕೂಡ ಅದರಲ್ಲಿದೆ. 2024ರಿಂದ ವಿದೇಶದ ವರ್ಗಾವಣೆಯಲ್ಲಿ ಒಂದು ನಾಯಿ ಅಥವಾ ಬೆಕ್ಕಿನ ಸಾಗಣೆಗೆ 2,000 ಡಾಲರ್‌ವರೆಗೆ ಮರುಪಾವತಿಯಿದೆ, ರಸೀದಿಗಳನ್ನು ಕಳೆದುಕೊಳ್ಳಬೇಡಿ. ಬಾಲ್ಟಿಮೋರ್‌ನಿಂದ ರಾಮ್‌ಸ್ಟೈನ್‌ಗೆ ಬರುವ ಸೇನಾ ವಿಮಾನದಲ್ಲಿ ಪ್ರಾಣಿಗಳಿಗೆ ಜಾಗ ಕಡಿಮೆ. ಆದೇಶ ಕೈಗೆ ಬಂದ ಕೂಡಲೇ ಕಾಯ್ದಿರಿಸಿ.

ಇನ್ನೊಂದು ಮಾತು. ಫಿಲ್ಸೆಕ್‌ನ ಘಟಕದವರು ತರಬೇತಿಗೆಂದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಹೊರಗಿರುತ್ತಾರೆ. ಸಾಮಾನು ಬಿಡಿಸಿಕೊಳ್ಳಲು, ಕಾರಿನ ನೋಂದಣಿಗೆ, ಮನೆಯ ಕರಾರಿಗೆ ನಿಮ್ಮ ಹೆಸರಿನಲ್ಲಿ ಮುಖ್ತ್ಯಾರನಾಮೆ ಬರೆಸಿ ಇಟ್ಟುಕೊಳ್ಳಿ. ಕಾನೂನು ನೆರವು ಕಚೇರಿಯಲ್ಲಿ ಅದಕ್ಕೆ ಹಣ ಬೇಕಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಆದೇಶದಲ್ಲಿ ಮಗಳ ಹೆಸರು ಇಲ್ಲವೆಂಬುದು ನಿಮ್ಮ ಉತ್ತರ ಓದಿದ ಮೇಲೆ ಗಮನಕ್ಕೆ ಬಂತು. ತಪಾಸಣೆಗೆ ದಿನ ಗೊತ್ತುಮಾಡಿದ್ದೇವೆ. ಎರಡು ಸಣ್ಣ ವಿಷಯ ಉಳಿದಿವೆ. ಅಡುಗೆಯ ಯಂತ್ರಗಳನ್ನು ತರಬೇಕೇ? ಊರಿನಿಂದ ಅತ್ತೆ ಮಾವ ಬಂದು ಇರಲು ಸಾಧ್ಯವೇ?

ಸ್ಟುಟ್‌ಗಾರ್ಟ್‌ನಿಂದ ಒಬ್ಬರ ಉತ್ತರ

ಟೆಕ್ಸಾಸ್‌ನಲ್ಲಿ ಕೊಂಡ 110 ವೋಲ್ಟಿನ ಮಿಕ್ಸಿ, ಗ್ರೈಂಡರ್‌ಗಳನ್ನು ತರಬೇಡಿ. ಜರ್ಮನಿಯ ವಿದ್ಯುತ್ತು ನಮ್ಮ ಊರಿನಂತೆಯೇ 230 ವೋಲ್ಟ್, 50 ಹರ್ಟ್ಸ್. ಹಾಸನದ ಮನೆಯಲ್ಲಿರುವ ಮಿಕ್ಸಿ ಇಲ್ಲಿ ಪ್ಲಗ್ಗಿನ ಅಡಾಪ್ಟರ್ ಒಂದಿದ್ದರೆ ಟ್ರಾನ್ಸ್‌ಫಾರ್ಮರ್ ಇಲ್ಲದೆ ತಿರುಗುತ್ತದೆ. ಒಲೆಗಳು ಬಹುಪಾಲು ವಿದ್ಯುತ್ತಿನವು, ಆದ್ದರಿಂದ ಕುಕ್ಕರ್, ಬಾಣಲೆಗಳ ತಳ ಚಪ್ಪಟೆಯಾಗಿರಲಿ. ರಾತ್ರಿ ಹತ್ತರ ನಂತರ ಮತ್ತು ಭಾನುವಾರ ಇಡೀ ದಿನ ಸದ್ದು ಮಾಡಬಾರದೆಂಬ ಕಟ್ಟುಪಾಡು ಇಲ್ಲಿ ಬಿಗಿಯಾಗಿದೆ. ಹಿಟ್ಟು ರುಬ್ಬುವ ಕೆಲಸವನ್ನು ಶನಿವಾರ ಸಂಜೆಯೊಳಗೆ ಮುಗಿಸಿಕೊಳ್ಳಿ, ಭಾನುವಾರ ಅಂಗಡಿಗಳೂ ಮುಚ್ಚಿರುತ್ತವೆ.

ಅತ್ತೆ ಮಾವನವರಿಗೆ ಷೆಂಗೆನ್ ವೀಸಾ ಬೇಕು. 180 ದಿನಗಳಲ್ಲಿ 90 ದಿನ ಇರಬಹುದು, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬೆಂಗಳೂರಿನಿಂದ ಮ್ಯೂನಿಕ್ ಮತ್ತು ಫ್ರಾಂಕ್‌ಫರ್ಟ್ ಎರಡಕ್ಕೂ ನೇರ ವಿಮಾನಗಳಿರುವುದರಿಂದ ವಯಸ್ಸಾದವರಿಗೆ ಅಮೆರಿಕದ ಪ್ರಯಾಣಕ್ಕಿಂತ ಇದು ಎಷ್ಟೋ ಸುಲಭ, ನನ್ನ ಮಟ್ಟಿಗೆ ಈ ವರ್ಗಾವಣೆಯ ದೊಡ್ಡ ಭಾಗ್ಯವೇ ಅದು. ಸಾರಿನ ಪುಡಿ, ಚಟ್ನಿಪುಡಿ, ಹಪ್ಪಳ ತರಬಹುದು. ತುಪ್ಪ, ಪೇಡ ಮುಂತಾದ ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದ ಹೊರಗಿನಿಂದ ಚೀಲದಲ್ಲಿ ತರುವಂತಿಲ್ಲವೆಂದು ಅತ್ತೆಯವರಿಗೆ ಮೊದಲೇ ತಿಳಿಸಿ, ವಿಮಾನ ನಿಲ್ದಾಣದಲ್ಲಿ ಅವರಿಗೆ ನೋವಾಗುವುದು ಬೇಡ.

ನೆಲೆಯ ಒಳಗೋ ಹೊರಗೋ ಎಂಬ ಪ್ರಶ್ನೆಗೆ ನೇರ ಉತ್ತರ ಇನ್ನೂ ಬಂದಿಲ್ಲ. ಹಳ್ಳಿಯ ಮನೆ, ತೋಟ, ನೆರೆಹೊರೆಯ ಜರ್ಮನ್ನರ ಸ್ನೇಹ ಎಲ್ಲವೂ ನಿಜವಾಗಿ ದೊರೆಯುತ್ತವೆ, ನಾವು ಹೊರಗೇ ಇದ್ದೇವೆ. ಆದರೂ ನಿಮ್ಮ ಪರಿಸ್ಥಿತಿಯಲ್ಲಿ ಮೊದಲು ನೆಲೆಯ ಒಳಗಿನ ಮನೆಯನ್ನೇ ಕೇಳಿ ಎನ್ನುತ್ತೇನೆ. ಪತಿ ತರಬೇತಿಗೆ ಹೋದಾಗ, ಹಿಮ ಬಿದ್ದ ರಾತ್ರಿ ಮಗಳಿಗೆ ಉಬ್ಬಸ ಬಂದರೆ, ಭಾಷೆ ಬರುವ ನೆರೆಯವರು ಕೂಗಿನ ಅಳತೆಯಲ್ಲಿರಬೇಕು. ರಕ್ಷಣಾ ಇಲಾಖೆಯ ಶಾಲೆಯೂ ಫಿಲ್ಸೆಕ್‌ನಲ್ಲೇ ಇದೆ. ತುರ್ತು ಕರೆಯ ಸಂಖ್ಯೆ ನೆಲೆಯ ಹೊರಗೆ ಎಲ್ಲೆಡೆ 112. ಮನೆಯ ವಿಳಾಸವನ್ನೂ ‘ಮಗುವಿಗೆ ಉಸಿರಾಟದ ತೊಂದರೆ’ ಎಂಬ ವಾಕ್ಯವನ್ನೂ ಜರ್ಮನ್ ಭಾಷೆಯಲ್ಲಿ ಕನ್ನಡ ಅಕ್ಷರಗಳಿಂದ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿಡಿ.