ಹುಲ್ಲುಗಾವಲಿನ ಲಂಟಾನ ಕಡಿದಷ್ಟೂ ಚಿಗುರುತ್ತಿದೆ, ಏನು ಮಾಡಬೇಕು?

ಪ್ರಶ್ನೆ:
ದನ ಮೇಯುವ ಜಾಗದಲ್ಲಿ ಲಂಟಾನ ಆಳೆತ್ತರ ಬೆಳೆದು ಹುಲ್ಲು ಏಳದಂತೆ ಮಾಡಿದೆ. ಬುಡಕ್ಕೆ ಕಡಿದು ಬೆಂಕಿ ಹಾಕಿದರೂ ಮಳೆ ಬಿದ್ದ ಕೂಡಲೇ ಇನ್ನೂ ದಟ್ಟವಾಗಿ ಚಿಗುರುತ್ತದೆ. ಔಷಧಿ ಇಲ್ಲದೆ ತೆಗೆಯಬಹುದೇ? ಹೊಡೆಯಲೇಬೇಕಾದರೆ ಪ್ರಮಾಣ ಎಷ್ಟು?

ಉತ್ತರ 1:
ಕಾಂಡವೂ ಬೇರೂ ಕೂಡುವ ಗಂಟಿನಿಂದ ಅದು ಚಿಗುರುತ್ತದೆ. ಬೆಂಕಿ ಮೇಲಿನದನ್ನು ಸುಡುತ್ತದೆಯೇ ಹೊರತು ಆ ಗಂಟನ್ನು ಸಾಯಿಸುವುದಿಲ್ಲ. ಪಿಕಾಸಿಯಿಂದ ಬುಡದ ಮಣ್ಣು ಬಿಡಿಸಿ, ತಾಯಿಬೇರನ್ನು ನೆಲಮಟ್ಟದಿಂದ 3ರಿಂದ 5 ಸೆಂ.ಮೀ. ಕೆಳಗೆ ಕಡಿಯಿರಿ. ಕಿತ್ತ ಪೊದೆಯನ್ನು ಬೇರು ಮೇಲಾಗುವಂತೆ ಮಗುಚಿ ಒಣಗಲು ಬಿಡಿ. ಹಸಿ ಬುಡ ಮಣ್ಣಿಗೆ ತಾಗಿದರೆ ಮತ್ತೆ ಬೇರು ಬಿಡುತ್ತದೆ. ಕಾಯಿ ಹಣ್ಣಾಗುವ ಮುಂಚೆ, ಮಣ್ಣು ಹಸಿಯಾಗಿರುವಾಗ ಈ ಕೆಲಸ ಮುಗಿಸಿ.

ಉತ್ತರ 2:
ಕಲ್ಲುಸಂದಿಯಲ್ಲಿ ಪಿಕಾಸಿ ನಡೆಯದ ಕಡೆ ಮಾತ್ರ ಔಷಧಿ ಬಳಸಿ. ಲೀಟರಿಗೆ 360 ಗ್ರಾಂ ಸತ್ವವಿರುವ ಗ್ಲೈಫೋಸೇಟ್ ಆದರೆ 100 ಲೀಟರ್ ನೀರಿಗೆ 1 ಲೀಟರ್. ಎಲೆಯೆಲ್ಲ ನೆನೆಯಬೇಕು. ಗಿಡ ಹುರುಪಿನಿಂದ ಬೆಳೆಯುವಾಗಲೇ ಹೊಡೆಯಿರಿ. ಬರದಲ್ಲಿ ಬಾಡಿದ ಗಿಡ ಔಷಧಿಯನ್ನು ಬೇರಿಗೆ ಇಳಿಸುವುದಿಲ್ಲ, ಎಲೆ ಉದುರಿಸಿ ಮತ್ತೆ ಚಿಗುರುತ್ತದೆ. ಇದು ಹುಲ್ಲನ್ನೂ ಕೊಲ್ಲುತ್ತದೆ, ಗಾಳಿ ಇರುವಾಗ ಬೇಡ. ನಿಮ್ಮಲ್ಲಿ ಇದಕ್ಕೆ ಅನುಮತಿ ಇದೆಯೇ ನೋಡಿ. ಡಬ್ಬಿಯ ಚೀಟಿಯಲ್ಲಿ ಬೇರೆ ಪ್ರಮಾಣವಿದ್ದರೆ ಅದನ್ನೇ ಪಾಲಿಸಿ.

ಪ್ರಶ್ನೆ ಕೇಳಿದವರು:
ಹೊಡೆದ ಮೇಲೆ ದನ ಬಿಡಬಹುದೇ?

ಉತ್ತರ 3:
ಗಿಡ ಪೂರ್ತಿ ಒಣಗುವವರೆಗೆ ಖಂಡಿತ ಬಿಡಬೇಡಿ. ಮೇವಿಲ್ಲದೆ ಹಸಿದ ದನ, ಹೊಸದಾಗಿ ತಂದ ದನ ಲಂಟಾನಕ್ಕೆ ಬಾಯಿ ಹಾಕುವುದು ಹೆಚ್ಚು. ಅದರ ವಿಷ ಯಕೃತ್ತಿಗೆ ಪೆಟ್ಟು ಕೊಟ್ಟು ಕಾಮಾಲೆ ತರುತ್ತದೆ. ಮೇವು ಬಿಡುವುದು, ಮಲಬದ್ಧತೆ, ಬಿಸಿಲಿಗೆ ಮೂತಿ ಮತ್ತು ಬಿಳಿ ಚರ್ಮ ಕೆಂಪಾಗಿ ಸುಲಿಯುವುದು ಇದರ ಲಕ್ಷಣ. ಹೊಟ್ಟೆಯ ಚಲನೆ ನಿಲ್ಲುವುದರಿಂದ ತಿಂದ ಎಲೆ ಒಳಗೇ ಉಳಿದು ವಿಷ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಕಾದು ನೋಡಬೇಡಿ: ನೆರಳಿಗೆ ಕಟ್ಟಿ, ಪಶುವೈದ್ಯರನ್ನು ಅದೇ ದಿನ ಕರೆಸಿ. ಸಕ್ರಿಯ ಇದ್ದಿಲು ಕುಡಿಸುವ ಚಿಕಿತ್ಸೆ ಬೇಗ ಆದಷ್ಟೂ ಒಳ್ಳೆಯದು.

ಉತ್ತರ 1:
ಒಂದು ಮಾತು ಬಿಟ್ಟಿತ್ತು. ಬುಡ ತೆಗೆದ ಜಾಗವನ್ನು ಬರಿದಾಗಿ ಬಿಟ್ಟರೆ ಹಕ್ಕಿ ಉದುರಿಸಿದ ಬೀಜದಿಂದ ಮತ್ತೆ ಅದೇ ಏಳುತ್ತದೆ. ಮೊದಲ ಮಳೆಗೇ ಅಲ್ಲಿನ ಹುಲ್ಲಿನ ಬೀಜ ಚೆಲ್ಲಿ, ಹುಲ್ಲು ಬೇರು ಹಿಡಿದು ಕಿತ್ತರೂ ಬಾರದಷ್ಟು ಗಟ್ಟಿಯಾದ ಮೇಲೆ ದನ ಬಿಡಿ. ಹಕ್ಕಿ ಕೂರುವ ಮರಗಳ ಕೆಳಗೆ ಪ್ರತಿ ಮಳೆಗಾಲ ನೋಡಿ, ಗೇಣುದ್ದದ ಸಸಿ ಇದ್ದಾಗಲೇ ಬೇರುಸಹಿತ ಕೀಳಿ.