ಕರ್ನೆಲ್ ಮಾಡುವ ನಕಲನ್ನು ತಗ್ಗಿಸಿ ದತ್ತಾಂಶ ಕಳಿಸುವುದು ಹೇಗೆ? ಬಲ್ಲವರು ಅನುಭವ ತಿಳಿಸಬೇಕು

ಕೇಳಿದವರು, ಕಲಬುರಗಿ:

ಮಾನ್ಯರೇ, ಇಲ್ಲಿನ ಒಂದು ಇಂಜಿನಿಯರಿಂಗ್ ಕಾಲೇಜಿನ ಸರ್ವರ್ ಕೋಣೆಯನ್ನು ನಾನು ನೋಡಿಕೊಳ್ಳುತ್ತೇನೆ. ಉಪನ್ಯಾಸಗಳ ವಿಡಿಯೊಗಳನ್ನು ಹಾಸ್ಟೆಲ್ ಮತ್ತು ಪ್ರಯೋಗಾಲಯಗಳಿಗೆ ಕಳಿಸುವ ಒಂದು ಲಿನಕ್ಸ್ ಸರ್ವರ್ ನಮ್ಮಲ್ಲಿದೆ. ಅದರ ಪ್ರೋಗ್ರಾಂ ಸಿ ಭಾಷೆಯಲ್ಲಿ ನಮ್ಮವರೇ ಬರೆದದ್ದು. ಅದು ಫೈಲನ್ನು ತುಂಡು ತುಂಡಾಗಿ ಓದಿ ಸಾಕೆಟ್‌ಗೆ, ಅಂದರೆ ಜಾಲ ಸಂಪರ್ಕದ ತುದಿಗೆ, ಬರೆಯುತ್ತದೆ. ಪರೀಕ್ಷೆಗೆ ಮುಂಚಿನ ದಿನಗಳಲ್ಲಿ ಸಂಜೆ ಎಲ್ಲರೂ ಒಟ್ಟಿಗೆ ನೋಡತೊಡಗಿದರೆ, 10 ಗಿಗಾಬಿಟ್ ಕಾರ್ಡ್ ಅರ್ಧ ತುಂಬುವ ಮೊದಲೇ ಪ್ರೊಸೆಸರ್‌ಗೆ ಉಸಿರಾಡಲು ಬಿಡುವಿರುವುದಿಲ್ಲ. ಅದೇ ಯಂತ್ರದಲ್ಲಿ ತರಗತಿಯ ನೇರ ಚಿತ್ರಿಕೆಯನ್ನು ಮೆಮೊರಿಯಲ್ಲಿಯೇ ಸಿದ್ಧಪಡಿಸಿ ಹಲವರಿಗೆ ಕಳಿಸುವ ಇನ್ನೊಂದು ಪ್ರೋಗ್ರಾಂ ಕೂಡ ಓಡುತ್ತದೆ. ನಮ್ಮ ಊರಿನ ಬೇಸಿಗೆ 40 ಡಿಗ್ರಿ ದಾಟಿದಾಗ ಪ್ರೊಸೆಸರ್‌ನ ವ್ಯರ್ಥ ದುಡಿತವೆಲ್ಲ ಆ ಕೋಣೆಯ ಎ.ಸಿ.ಯ ಮೇಲೆಯೇ ಬೀಳುತ್ತದೆ. ಆದ್ದರಿಂದ ಹೊಸ ಸರ್ವರ್ ಕೇಳುವ ಮೊದಲು ಇರುವುದನ್ನು ಸರಿಪಡಿಸಬೇಕೆಂದಿದ್ದೇನೆ. ಸೆಂಡ್‌ಫೈಲ್, ಜೀರೋಕಾಪಿ, ಐಒ ಯೂರಿಂಗ್ ಮುಂತಾದ ಹೆಸರುಗಳನ್ನು ಕೇಳಿದ್ದೇನೆ. ಬಳಸಿದವರು ಯಾವುದರಿಂದ ಆರಂಭಿಸಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಬೀದರ್‌ನಿಂದ, ಸರ್ವರ್ ನಿರ್ವಹಣೆಯ ಕೆಲಸದಲ್ಲಿರುವವರು:

ಸರ್, ತಮ್ಮ ಮೊದಲ ಪ್ರೋಗ್ರಾಂಗೆ ಉತ್ತರ ಸುಲಭವಾದದ್ದು, ಎರಡನೆಯದಕ್ಕೆ ಅಷ್ಟು ಸುಲಭವಲ್ಲ. ಎರಡನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಓದಿ ಬರೆಯುವ ಹಳೆಯ ದಾರಿಯಲ್ಲಿ ಒಂದೇ ದತ್ತಾಂಶ ನಾಲ್ಕು ಸಲ ಸ್ಥಳಾಂತರವಾಗುತ್ತದೆ: ಡಿಸ್ಕ್‌ನಿಂದ ಕರ್ನೆಲ್‌ನ (ಲಿನಕ್ಸ್‌ನ ತಿರುಳಿನ) ಪೇಜ್ ಕ್ಯಾಶ್‌ಗೆ (ಓದಿದ ಫೈಲ್‌ಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗಕ್ಕೆ), ಅಲ್ಲಿಂದ ಪ್ರೋಗ್ರಾಂನ ಬಫರ್‌ಗೆ (ತಾತ್ಕಾಲಿಕ ಮೆಮೊರಿಗೆ), ಬಫರ್‌ನಿಂದ ಮತ್ತೆ ಕರ್ನೆಲ್‌ನ ಸಾಕೆಟ್ ಬಫರ್‌ಗೆ, ಕೊನೆಗೆ ನೆಟ್‌ವರ್ಕ್ ಕಾರ್ಡ್‌ಗೆ. ಮೊದಲನೆಯದನ್ನೂ ಕೊನೆಯದನ್ನೂ ಡಿಎಂಎ ಎಂಬ ವಿಧಾನದಲ್ಲಿ, ಪ್ರೊಸೆಸರ್ ನೆರವಿಲ್ಲದೆ, ಯಂತ್ರಾಂಶವೇ ಮಾಡುತ್ತದೆ. ನಡುವಿನ ಎರಡು ನಕಲುಗಳನ್ನು ಮಾತ್ರ ಪ್ರೊಸೆಸರ್ ತಾನೇ ಕುಳಿತು ಮಾಡಬೇಕು. 10 ಗಿಗಾಬಿಟ್ ಎಂದರೆ ಸೆಕೆಂಡಿಗೆ 1.25 ಗಿಗಾಬೈಟ್. ಒಂದು ನಕಲಿಗೆ ಒಮ್ಮೆ ಓದು, ಒಮ್ಮೆ ಬರಹ; ಹೀಗಾಗಿ ಎರಡು ನಕಲುಗಳಿಗೆ, ಪ್ರೊಸೆಸರ್‌ನ ಕ್ಯಾಶ್ ಒದಗಿಬಾರದಿದ್ದರೆ, ಸೆಕೆಂಡಿಗೆ 5 ಗಿಗಾಬೈಟ್‌ನಷ್ಟು ಮೆಮೊರಿ ಸಂಚಾರ ಹೆಚ್ಚಾಗುತ್ತದೆ. 1 ಗಿಗಾಬಿಟ್ ಕಾರ್ಡ್ ಇದ್ದಿದ್ದರೆ, ಇದು ಇಂದಿನ ಪ್ರೊಸೆಸರ್‌ಗೆ ಭಾರವೇ ಅಲ್ಲ, ಬಿಟ್ಟುಬಿಡಿ ಎಂದು ನಾನು ಹೇಳುತ್ತಿದ್ದೆ.

ನಮ್ಮ ಕಡೆಯ ದಾಲ್ ಮಿಲ್‌ಗಳನ್ನು ನೋಡಿದವರಿಗೆ ಸೆಂಡ್‌ಫೈಲ್ ಬೇಗ ಅರ್ಥವಾಗುತ್ತದೆ. ಗೋದಾಮಿನ ತೊಗರಿ ಮೂಟೆಯನ್ನು ಅಂಗಳಕ್ಕೆ ತಂದು, ಸುರಿದು, ಬೇರೆ ಮೂಟೆಗೆ ತುಂಬಿ ಲಾರಿಗೆ ಏರಿಸುವ ಬದಲು, ಯಾವ ಸಾಲಿನ ಎಷ್ಟನೆಯ ಮೂಟೆ ಎಂಬ ಚೀಟಿಯನ್ನು ಮಾತ್ರ ಲಾರಿಯವನ ಕೈಗೆ ಕೊಟ್ಟಂತೆ ಅದು. ಪೇಜ್ ಕ್ಯಾಶ್‌ನಲ್ಲಿರುವ ಪುಟಗಳ ವಿಳಾಸ ಮತ್ತು ಉದ್ದವನ್ನಷ್ಟೇ ಕರ್ನೆಲ್ ಕಾರ್ಡ್‌ಗೆ ತಿಳಿಸುತ್ತದೆ, ಕಾರ್ಡ್ ನೇರವಾಗಿ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಪ್ರೊಸೆಸರ್ ವಿಡಿಯೊದ ಒಂದು ಬೈಟನ್ನೂ ಮುಟ್ಟುವುದಿಲ್ಲ. ಈ ಸಿಸ್ಟಂ ಕಾಲ್ (ಪ್ರೋಗ್ರಾಂ ಕರ್ನೆಲ್‌ಗೆ ಕೊಡುವ ಕರೆ) ಲಿನಕ್ಸ್‌ಗೆ 2.2ನೆಯ ಆವೃತ್ತಿಯಲ್ಲಿಯೇ ಬಂದಿತು. ಕಾರ್ಡ್‌ನ ನೆರವಿನಿಂದ ನಡುವಿನ ನಕಲು ಪೂರ್ತಿ ಇಲ್ಲವಾದದ್ದು 2001ರ 2.4ರಿಂದ. ಹೀಗಾಗಿ ಇದು ಬಹುಕಾಲ ಪಳಗಿದ ದಾರಿ, ಭಯಪಡಬೇಕಾದ ಹೊಸ ಪ್ರಯೋಗವಲ್ಲ.

ಆದರೆ ಮೊದಲು ಅಳೆಯಿರಿ. ದಟ್ಟಣೆಯ ಸಂಜೆಯಲ್ಲಿ ಪ್ರೊಸೆಸರ್‌ನ ಸಮಯ ಎಲ್ಲಿ ಹೋಗುತ್ತಿದೆಯೆಂದು ತೋರಿಸುವ ಪರ್ಫ್ ಟಾಪ್ ಓಡಿಸಿ, ಹೆಸರಿನಲ್ಲಿ ಕಾಪಿ ಎಂದಿರುವ ಕರ್ನೆಲ್ ಕಾರ್ಯಗಳು ಪಟ್ಟಿಯ ಮೇಲ್ಭಾಗದಲ್ಲಿ ಇವೆಯೇ ಎಂದು ನೋಡಿರಿ. ಜೊತೆಗೆ ಎಸ್‌ಟ್ರೇಸ್‌ನಿಂದ ಸಿಸ್ಟಂ ಕಾಲ್‌ಗಳ ಎಣಿಕೆ ತೆಗೆಯಿರಿ, ಆದರೆ ಅದು ಪ್ರೋಗ್ರಾಂ ಅನ್ನು ಬಹಳ ನಿಧಾನಗೊಳಿಸುವುದರಿಂದ ದಟ್ಟಣೆ ಇಲ್ಲದ ವೇಳೆಯಲ್ಲಿ ಮಾಡಿರಿ. ತಮ್ಮ ಪ್ರೋಗ್ರಾಂ 4 ಕಿಲೋಬೈಟ್‌ನ ತುಂಡುಗಳಲ್ಲಿ ಓದುತ್ತಿದ್ದರೆ, ದಣಿವಿನ ದೊಡ್ಡ ಪಾಲು ನಕಲಿನದ್ದಲ್ಲ, ಕರ್ನೆಲ್‌ನ ಒಳಗೆ ಹೊರಗೆ ಓಡಾಡುವುದರದ್ದು. 2018ರಲ್ಲಿ ಪ್ರೊಸೆಸರ್‌ಗಳ ಮೆಲ್ಟ್‌ಡೌನ್ ಎಂಬ ಭದ್ರತಾ ದೋಷಕ್ಕೆ ಪರಿಹಾರ ಬಂದ ಮೇಲೆ ಆ ದೋಷವಿದ್ದ ಹಳೆಯ ಪ್ರೊಸೆಸರ್‌ಗಳಲ್ಲಿ ಈ ಓಡಾಟ ಇನ್ನಷ್ಟು ದುಬಾರಿಯಾಗಿದೆ. ಹಾಗಿದ್ದಲ್ಲಿ ತುಂಡಿನ ಗಾತ್ರವನ್ನು 128 ಅಥವಾ 256 ಕಿಲೋಬೈಟ್‌ಗೆ ಏರಿಸಿದರೇ ಕಣ್ಣಿಗೆ ಕಾಣುವ ವ್ಯತ್ಯಾಸವಾಗುತ್ತದೆ.

ಯಾದಗಿರಿಯಿಂದ, ಡಿಪ್ಲೊಮಾ ಕಾಲೇಜಿನ ಪ್ರಯೋಗಾಲಯದವರು:

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಾರ್ಡ್‌ನಲ್ಲಿ ಸ್ಕ್ಯಾಟರ್ ಗ್ಯಾದರ್ ಮತ್ತು ಚೆಕ್‌ಸಮ್ ಆಫ್‌ಲೋಡ್ (ದತ್ತಾಂಶ ಕೆಟ್ಟಿಲ್ಲವೆಂದು ನೋಡುವ ಲೆಕ್ಕವನ್ನು ಕಾರ್ಡ್‌ಗೆ ಒಪ್ಪಿಸುವುದು) ಎರಡೂ ಆನ್ ಆಗಿರಬೇಕು. ಚದುರಿದ ಪುಟಗಳನ್ನು ಕಾರ್ಡ್ ತಾನೇ ಒಟ್ಟುಗೂಡಿಸಲಾರದಾದರೆ ಕರ್ನೆಲ್ ಅವನ್ನು ಒಂದೆಡೆ ನಕಲಿಸಿಯೇ ಕೊಡಬೇಕಾಗುತ್ತದೆ. ಚೆಕ್‌ಸಮ್ ಅನ್ನು ಕಾರ್ಡ್ ಲೆಕ್ಕ ಹಾಕದಿದ್ದರೆ ಪ್ರೊಸೆಸರ್ ಪ್ರತಿ ಬೈಟನ್ನೂ ಓದಲೇಬೇಕಾಗುತ್ತದೆ, ಅಲ್ಲಿಗೆ ಉಳಿತಾಯದ ಬಹುಪಾಲು ಹೋಯಿತು. ಈಥ್‌ಟೂಲ್‌ಗೆ ಸಣ್ಣ ಕೆ ಆಯ್ಕೆ ಕೊಟ್ಟರೆ ಇವೆರಡರ ಸ್ಥಿತಿಯೂ, ಟಿಸಿಪಿ ಸೆಗ್ಮೆಂಟೇಶನ್ ಆಫ್‌ಲೋಡ್‌ನ (ದತ್ತಾಂಶವನ್ನು ಕಾರ್ಡ್ ತಾನೇ ಪ್ಯಾಕೆಟ್‌ಗಳಾಗಿ ಕತ್ತರಿಸುವುದರ) ಸ್ಥಿತಿಯೂ ಕಾಣುತ್ತದೆ. ಯಾವುದೋ ಹಳೆಯ ತೊಂದರೆಗಾಗಿ ಯಾರೋ ಇವನ್ನು ಆಫ್ ಮಾಡಿ ಹಾಗೆಯೇ ಬಿಟ್ಟುಹೋಗಿರುವ ಯಂತ್ರಗಳನ್ನು ನಾನು ನೋಡಿದ್ದೇನೆ.

ನಮ್ಮ ಹುಡುಗರು ಪೈಥಾನ್‌ನಲ್ಲಿ ಬರೆಯುತ್ತಾರೆ. 3.5ನೆಯ ಆವೃತ್ತಿಯಿಂದ ಸಾಕೆಟ್‌ಗೇ ಸೆಂಡ್‌ಫೈಲ್ ಎಂಬ ಮೆಥಡ್ ಇದೆ. ಜಾವಾದಲ್ಲಿ ಫೈಲ್‌ಚಾನೆಲ್‌ನ ಟ್ರಾನ್ಸ್‌ಫರ್‌ಟು ಇದೇ ಕೆಲಸ ಮಾಡುತ್ತದೆ, ಸಂದೇಶ ಸಾಗಿಸುವ ತಂತ್ರಾಂಶವಾದ ಕಾಫ್ಕಾ ಬಳಸುವುದೂ ಅದನ್ನೇ. ಫೈಲನ್ನು ಎಮ್‌ಮ್ಯಾಪ್ ಮಾಡಿ, ಅಂದರೆ ಪ್ರೋಗ್ರಾಂನ ಮೆಮೊರಿಯಂತೆಯೇ ಕಾಣಿಸಿ, ಅದನ್ನು ಸಾಕೆಟ್‌ಗೆ ಬರೆಯುವುದೂ ಒಂದು ನಕಲನ್ನು ಉಳಿಸುತ್ತದೆ, ತಾವು ಅದನ್ನೂ ಪರಿಶೀಲಿಸಬಹುದು.

ಬೀದರ್‌ನಿಂದ, ಮೊದಲು ಉತ್ತರಿಸಿದವರು:

ಎಮ್‌ಮ್ಯಾಪ್ ಬಗ್ಗೆ ನನ್ನ ಅಭಿಪ್ರಾಯ ಬೇರೆ. ಅದು ಒಂದು ನಕಲನ್ನು ಉಳಿಸಿದರೂ ಪೇಜ್ ಫಾಲ್ಟ್‌ಗಳ ಮತ್ತು ಪೇಜ್ ಟೇಬಲ್ ನಿರ್ವಹಣೆಯ ವೆಚ್ಚವನ್ನು ತರುತ್ತದೆ, ಸಾಕೆಟ್ ಬಫರ್‌ಗೆ ಆಗುವ ನಕಲು ಹಾಗೆಯೇ ಉಳಿಯುತ್ತದೆ. ಇನ್ನೊಂದು ಪ್ರೋಗ್ರಾಂ ಅದೇ ಹೊತ್ತಿಗೆ ಆ ಫೈಲನ್ನು ಮೊಟಕುಗೊಳಿಸಿದರೆ, ಇಲ್ಲದ ಪುಟವನ್ನು ಓದಹೋದ ಪ್ರೋಗ್ರಾಂಗೆ ಸಿಗ್‌ಬಸ್ ಸಿಗ್ನಲ್ ಬಂದು ಅದು ಅಲ್ಲಿಯೇ ನಿಲ್ಲಬಹುದು. ಕೇವಲ ಕಳಿಸುವುದಕ್ಕಾಗಿ ಅದನ್ನು ಆರಿಸಿಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ಕಲಬುರಗಿಯಿಂದ, ನೆಟ್‌ವರ್ಕ್ ತಂತ್ರಾಂಶ ಬರೆಯುವವರು:

ತಮ್ಮ ಎರಡನೆಯ ಪ್ರೋಗ್ರಾಂ ಬಗ್ಗೆ ಬರೆಯುತ್ತೇನೆ, ಏಕೆಂದರೆ ಹೆಚ್ಚು ಎಚ್ಚರ ಬೇಕಾದದ್ದು ಅಲ್ಲಿ. ಮೆಮೊರಿಯಲ್ಲಿಯೇ ಹುಟ್ಟುವ ದತ್ತಾಂಶಕ್ಕೆ ಫೈಲ್ ಇಲ್ಲದಿರುವುದರಿಂದ ಸೆಂಡ್‌ಫೈಲ್ ಉಪಯೋಗಕ್ಕೆ ಬರುವುದಿಲ್ಲ. ಅದಕ್ಕಾಗಿ 2017ರ ಲಿನಕ್ಸ್ 4.14ರಲ್ಲಿ ಎಂಎಸ್‌ಜಿ ಜೀರೋಕಾಪಿ ಎಂಬ ಗುರುತನ್ನು ಟಿಸಿಪಿಗೆ (ಸ್ವೀಕೃತಿ ಪಡೆದು ಕಳಿಸುವ ಜಾಲ ನಿಯಮಕ್ಕೆ) ತಂದರು. ಸ್ವೀಕೃತಿಗೆ ಕಾಯದ ಯುಡಿಪಿಗೆ ಅದು 2019ರ 5.0ರಲ್ಲಿ ಬಂದಿತು. ಮೊದಲು ಸಾಕೆಟ್‌ಗೆ ಎಸ್‌ಒ ಜೀರೋಕಾಪಿ ಆಯ್ಕೆಯನ್ನು ಹಾಕಿ, ಆಮೇಲೆ ಪ್ರತಿ ಸೆಂಡ್ ಕರೆಯಲ್ಲಿ ಈ ಗುರುತನ್ನು ಕೊಡಬೇಕು. ಆಗ ಕರ್ನೆಲ್ ತಮ್ಮ ಬಫರ್‌ನ ಪುಟಗಳನ್ನು ಮೆಮೊರಿಯಲ್ಲಿ ಕದಲದಂತೆ ಹಿಡಿದಿಟ್ಟು, ಅಲ್ಲಿಂದಲೇ ಕಾರ್ಡ್‌ಗೆ ಕಳಿಸುತ್ತದೆ.

ನಕಲನ್ನು ಎಲ್ಲರೂ ವ್ಯರ್ಥವೆಂದು ಬಗೆಯುತ್ತಾರೆ, ಆದರೆ ಅದು ನಮಗೆ ದೊಡ್ಡ ಸ್ವಾತಂತ್ರ್ಯವನ್ನು ಕೊಡುತ್ತಿತ್ತು. ಮಾಮೂಲಿ ಸೆಂಡ್ ಮರಳಿದ ಕ್ಷಣದಿಂದ ಬಫರ್ ನಮ್ಮದು, ಅದರಲ್ಲಿ ಮುಂದಿನ ಚಿತ್ರವನ್ನು ತುಂಬಬಹುದು, ಏಕೆಂದರೆ ಕರ್ನೆಲ್ ತನ್ನ ಪ್ರತಿಯನ್ನು ಆಗಲೇ ಮಾಡಿಕೊಂಡಿರುತ್ತದೆ. ನಕಲು ತೆಗೆದ ಮೇಲೆ ಸೆಂಡ್ ಮರಳಿದರೂ ಬಫರ್ ಇನ್ನೂ ಕರ್ನೆಲ್‌ನ ಬಳಕೆಯಲ್ಲಿಯೇ ಇರುತ್ತದೆ. ಟಿಸಿಪಿಯಲ್ಲಿ ಎದುರಿನವರಿಂದ ಸ್ವೀಕೃತಿ ಬರುವವರೆಗೂ ಅದೇ ಬೈಟ್‌ಗಳನ್ನು ಮತ್ತೆ ಕಳಿಸಬೇಕಾಗಬಹುದು. ಅಷ್ಟರಲ್ಲಿ ತಾವು ಆ ಬಫರ್‌ನಲ್ಲಿ ಬೇರೇನನ್ನೋ ಬರೆದರೆ ಹಳೆಯ ಚಿತ್ರದ ಜಾಗದಲ್ಲಿ ಹೊಸದರ ಚೂರು ಹೋಗುತ್ತದೆ, ಚೆಕ್‌ಸಮ್ ಕೂಡ ಹೊಸ ಬೈಟ್‌ಗಳಿಗೇ ಸರಿಹೊಂದಬಹುದಾದ್ದರಿಂದ ಎದುರಿನವರಿಗೆ ಕೆಟ್ಟದ್ದೆಂದು ತಿಳಿಯುವುದೂ ಇಲ್ಲ.

ಬಫರ್ ಬಿಡುಗಡೆಯಾದ ಸುದ್ದಿ ಸಾಕೆಟ್‌ನ ದೋಷದ ಸರದಿಯ ಮೂಲಕ ಬರುತ್ತದೆ. ಈ ಗುರುತಿನೊಂದಿಗೆ ಯಶಸ್ವಿಯಾದ ಪ್ರತಿ ಸೆಂಡ್‌ಗೂ ಕರ್ನೆಲ್ ಒಂದು ಕ್ರಮಸಂಖ್ಯೆಯನ್ನು ಎಣಿಸುತ್ತದೆ. ತಾವು ದೋಷದ ಸರದಿಯನ್ನು ಓದಿದಾಗ ಇಂತಿಷ್ಟರಿಂದ ಇಂತಿಷ್ಟರವರೆಗಿನ ಸೆಂಡ್‌ಗಳು ಮುಗಿದವು ಎಂಬ ವ್ಯಾಪ್ತಿ ಸಿಗುತ್ತದೆ. ಹಲವು ಸುದ್ದಿಗಳನ್ನು ಒಂದಾಗಿ ಸೇರಿಸಿ ಕೊಡಬಹುದು, ಕ್ರಮ ತಪ್ಪಿಯೂ ಕೊಡಬಹುದು. ಪ್ರೋಗ್ರಾಂ ಈ ಲೆಕ್ಕವನ್ನು ತಪ್ಪದೆ ಇಡಬೇಕು. ಈ ಲೆಕ್ಕಕ್ಕೂ, ಪುಟಗಳನ್ನು ಹಿಡಿದಿಡುವುದಕ್ಕೂ ತನ್ನದೇ ವೆಚ್ಚವಿದೆ. ಆದ್ದರಿಂದ ಸುಮಾರು 10 ಕಿಲೋಬೈಟ್‌ಗಿಂತ ದೊಡ್ಡ ಬರಹಗಳಲ್ಲಿ ಮಾತ್ರ ಇದು ಸಾಮಾನ್ಯವಾಗಿ ಲಾಭದಾಯಕ ಎಂದು ಕರ್ನೆಲ್‌ನ ದಾಖಲೆಯೇ ಹೇಳುತ್ತದೆ.

ಈಗ ತಮ್ಮ ನೇರ ಚಿತ್ರಿಕೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಸೆಕೆಂಡಿಗೆ 2 ಮೆಗಾಬಿಟ್, 25 ಚಿತ್ರಗಳು ಎಂದಿಟ್ಟುಕೊಂಡರೆ ಒಂದು ಚಿತ್ರಕ್ಕೆ ಸರಾಸರಿ 10,000 ಬೈಟ್. ನಡುನಡುವಿನ ಪೂರ್ಣ ಚಿತ್ರಗಳು ಹೆಚ್ಚು ಜಾಗ ತಿನ್ನುವುದರಿಂದ ಉಳಿದವು ಅದಕ್ಕಿಂತ ಚಿಕ್ಕವೇ ಆಗಿರುತ್ತವೆ. ಚಿತ್ರಕ್ಕೊಂದು ಸೆಂಡ್ ಮಾಡಿದರೆ ಲಾಭವಿಲ್ಲ, ನಷ್ಟವಾದರೂ ಆದೀತು. ಮೇಲಾಗಿ ಒಂದೇ ಬಫರನ್ನು ನೂರು ಜನರಿಗೆ ಕಳಿಸಿದರೆ, ಆ ನೂರೂ ಸಾಕೆಟ್‌ಗಳಿಂದ ಸುದ್ದಿ ಬಂದ ಮೇಲೆಯೇ ಅದು ಬಿಡುಗಡೆ. ಹಾಸ್ಟೆಲ್‌ನ ಕೊನೆಯ ಕೋಣೆಯಲ್ಲಿ ವೈಫೈ ಸರಿಯಾಗಿ ಸಿಗದ ಒಬ್ಬ ವಿದ್ಯಾರ್ಥಿಯ ಫೋನ್ ಎಲ್ಲ ಬಫರ್‌ಗಳನ್ನೂ ಹಿಡಿದುಕೊಂಡು ಕೂರಬಲ್ಲದು. ಹಿಡಿದಿಟ್ಟ ಮೆಮೊರಿ ಮಿತಿ ಮೀರಿದರೆ ಸೆಂಡ್ ಕರೆ ಬಫರ್ ಇಲ್ಲವೆಂಬ ದೋಷದೊಂದಿಗೆ ಮರಳುತ್ತದೆ. ಹೀಗಾಗಿ ಹಿಂದುಳಿದ ವೀಕ್ಷಕರ ಸಂಪರ್ಕವನ್ನು ಯಾವಾಗ ಕಡಿಯಬೇಕು ಎಂಬುದನ್ನು ಮೊದಲೇ ತೀರ್ಮಾನಿಸದೆ ಇದಕ್ಕೆ ಕೈಹಾಕಬಾರದು. ತಮ್ಮ ಕಾಲೇಜಿನಷ್ಟು ವೀಕ್ಷಕರಿಗೆ ನಾನಾಗಿದ್ದರೆ ಈ ಪ್ರೋಗ್ರಾಂ ಅನ್ನು ಇದ್ದಂತೆಯೇ ಬಿಡುತ್ತಿದ್ದೆ.

ಪರೀಕ್ಷಿಸಿಯೇ ತೀರಬೇಕೆಂದಿದ್ದರೆ ಎರಡು ವಿಷಯ ನೆನಪಿರಲಿ. ಅದೇ ಯಂತ್ರದ ಒಳಗಿನ ಲೂಪ್‌ಬ್ಯಾಕ್‌ನಲ್ಲಿ ಅಳೆಯಬೇಡಿ, ಅಲ್ಲಿ ಕರ್ನೆಲ್ ಹೇಗಿದ್ದರೂ ನಕಲು ಮಾಡುತ್ತದೆ. ಅಳೆಯುವಾಗ ಟಿಸಿಪಿಡಂಪ್ ಓಡುತ್ತಿದ್ದರೂ ಅದೇ ಆಗುತ್ತದೆ, ಏಕೆಂದರೆ ಅದು ಹಿಡಿಯುವ ಪ್ಯಾಕೆಟ್‌ಗಳು ಸ್ಥಳೀಯ ಸಾಕೆಟ್‌ಗೆ ಹೋಗುತ್ತವೆ. ಕೊನೆಗೂ ನಕಲೇ ಆಯಿತು ಎಂಬುದನ್ನು ಬಿಡುಗಡೆಯ ಸುದ್ದಿಯ ಜೊತೆಗೇ ಒಂದು ಸಂಕೇತದ ಮೂಲಕ ಕರ್ನೆಲ್ ತಿಳಿಸುತ್ತದೆ, ಅದನ್ನು ದಾಖಲಿಸಿಕೊಳ್ಳಿ. 2022ರ ಲಿನಕ್ಸ್ 6.0ರಿಂದ ಐಒ ಯೂರಿಂಗ್‌ನಲ್ಲಿಯೂ (ಕರ್ನೆಲ್‌ಗೆ ಕೆಲಸಗಳನ್ನು ಒಂದು ಸರದಿಯಲ್ಲಿ ಕೊಟ್ಟು, ಮುಗಿದ ಸುದ್ದಿಯನ್ನು ಇನ್ನೊಂದರಲ್ಲಿ ಪಡೆಯುವ ವಿಧಾನ) ಇಂಥ ಕಳಿಸುವಿಕೆ ಇದೆ, ಬಿಡುಗಡೆಯ ಸುದ್ದಿ ಅಲ್ಲಿ ಮಾಮೂಲಿ ಮುಕ್ತಾಯದ ಸರದಿಯಲ್ಲಿಯೇ ಬರುವುದರಿಂದ ಬರೆಯಲು ಹೆಚ್ಚು ಹಿತ. ಬಫರ್ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಮಾತ್ರ ಅಲ್ಲಿಯೂ ಅದೇ.

ಹುಮನಾಬಾದ್‌ನಿಂದ, ವೆಬ್ ಸರ್ವರ್‌ಗಳನ್ನು ನಡೆಸುವವರು:

ಕೇಳಿದವರು ಎಚ್‌ಟಿಟಿಪಿಎಸ್ (ದತ್ತಾಂಶವನ್ನು ಟಿಎಲ್‌ಎಸ್ ಎಂಬ ಗೂಢಲಿಪಿಯಲ್ಲಿ ಕಳಿಸುವ ವಿಧಾನ) ಬಳಸುತ್ತಾರೋ ಇಲ್ಲವೋ ತಿಳಿಸಿಲ್ಲ, ಆದರೆ ಅದರಿಂದ ಎಲ್ಲವೂ ಬದಲಾಗುತ್ತದೆ. ಪ್ರೋಗ್ರಾಂ ತಾನೇ ಗೂಢಲಿಪಿಗೆ ತಿರುಗಿಸಿ ಕಳಿಸುವುದಾದರೆ ದತ್ತಾಂಶ ಅದರ ಬಫರ್‌ಗೆ ಬರಲೇಬೇಕು, ಸೆಂಡ್‌ಫೈಲ್‌ಗೆ ಎಡೆಯೇ ಉಳಿಯುವುದಿಲ್ಲ. ಹಾಗೆಯೇ ಕಳಿಸುವ ಹೊತ್ತಿನಲ್ಲಿಯೇ ಜಿಜಿಪ್ ಮಾಡಿ ಸಂಕುಚಿಸುವ ಪುಟಗಳಿಗೂ ಅದು ಅನ್ವಯಿಸದು. ವಿಡಿಯೊ ಮೊದಲೇ ಸಂಕುಚಿತವಾಗಿರುವುದರಿಂದ ಅದಕ್ಕೆ ಜಿಜಿಪ್ ಬೇಕಾಗಿಯೂ ಇಲ್ಲ. ಗೂಢಲಿಪಿಯ ಕೆಲಸವನ್ನು ಕರ್ನೆಲ್‌ಗೆ ಒಪ್ಪಿಸುವ ಕೆಟಿಎಲ್‌ಎಸ್ 2017ರ ಲಿನಕ್ಸ್ 4.13ರಲ್ಲಿ ಬಂದಿತು: ಕೀಲಿಗಳ ಮಾತುಕತೆಯನ್ನು ಪ್ರೋಗ್ರಾಂ ಮುಗಿಸಿ, ಕೀಲಿಯನ್ನು ಸಾಕೆಟ್‌ಗೆ ಕೊಟ್ಟುಬಿಡುತ್ತದೆ, ಅಲ್ಲಿಂದ ಮುಂದೆ ಸೆಂಡ್‌ಫೈಲ್ ಮತ್ತೆ ನಡೆಯುತ್ತದೆ. ಕಾರ್ಡ್‌ಗೆ ಆ ಸಾಮರ್ಥ್ಯ ಇಲ್ಲದಿದ್ದಲ್ಲಿ ಪ್ರೊಸೆಸರ್ ಒಮ್ಮೆ ಓದಿ ಒಮ್ಮೆ ಬರೆಯಲೇಬೇಕು, ಆದರೂ ಬಳಕೆದಾರರ ಬಫರ್‌ಗೆ ಬಂದು ಹೋಗುವ ಪಯಣ ತಪ್ಪುತ್ತದೆ. ನೆಟ್‌ಫ್ಲಿಕ್ಸ್‌ನವರು ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆಯ ಮೇಲೆ ಒಂದೇ ಸರ್ವರ್‌ನಿಂದ ಸೆಕೆಂಡಿಗೆ 400 ಗಿಗಾಬಿಟ್ ಕಳಿಸುವುದನ್ನು 2021ರಲ್ಲಿ ವಿವರಿಸಿದಾಗ, ಅದರ ತಳಹದಿ ಸೆಂಡ್‌ಫೈಲ್ ಮತ್ತು ಕರ್ನೆಲ್‌ನೊಳಗಿನ ಟಿಎಲ್‌ಎಸ್ ಆಗಿತ್ತು.

ನನ್ನ ಸಲಹೆ ಸ್ವಂತ ಪ್ರೋಗ್ರಾಂ ಬದಲು ಎಂಜಿನ್ಎಕ್ಸ್ ಎಂಬ ವೆಬ್ ಸರ್ವರ್ ಬಳಸುವುದು. ಅದರಲ್ಲಿ ಸೆಂಡ್‌ಫೈಲ್ ತಾನಾಗಿಯೇ ಆನ್ ಇರುವುದಿಲ್ಲ, ಸಂರಚನೆಯಲ್ಲಿ ಬರೆಯಬೇಕು. ಗೂಢಲಿಪಿಯ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ 3.0ರ ಜೊತೆ ಎಂಜಿನ್ಎಕ್ಸ್‌ನ 1.21.4ನೆಯ ಆವೃತ್ತಿಯಿಂದ ಕೆಟಿಎಲ್‌ಎಸ್ ಕೂಡ ಸಾಧ್ಯ.

ಕೇಳಿದವರು, ಕಲಬುರಗಿ:

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಒಳಜಾಲದಲ್ಲಿ ಸದ್ಯಕ್ಕೆ ಎಚ್‌ಟಿಟಿಪಿಎಸ್ ಇಲ್ಲ. ಪರ್ಫ್ ತೋರಿಸಿದಂತೆ ನಕಲಿನ ಕಾರ್ಯಗಳೇ ಮೇಲಿವೆ, ಆದ್ದರಿಂದ ಮೊದಲ ಪ್ರೋಗ್ರಾಂ ಅನ್ನು ಸೆಂಡ್‌ಫೈಲ್‌ಗೆ ಬದಲಿಸುತ್ತೇನೆ, ನೇರ ಚಿತ್ರಿಕೆಯದನ್ನು ಮುಟ್ಟುವುದಿಲ್ಲ. ಎರಡು ಸಂದೇಹಗಳಿವೆ. ವಿದ್ಯಾರ್ಥಿ ನೋಡುತ್ತಿರುವಾಗಲೇ ಅಧ್ಯಾಪಕರು ಅದೇ ಹೆಸರಿನ ತಿದ್ದಿದ ವಿಡಿಯೊ ಹಾಕಿದರೆ ಏನಾಗುತ್ತದೆ? ಕೆಲವು ಉಪನ್ಯಾಸಗಳ ಫೈಲ್ 2 ಗಿಗಾಬೈಟ್ ಮೀರುತ್ತದೆ, ಒಂದೇ ಕರೆಯಲ್ಲಿ ಹೋಗುತ್ತದೆಯೇ?

ಬೀದರ್‌ನಿಂದ, ಮೊದಲು ಉತ್ತರಿಸಿದವರು:

ಮೊದಲನೆಯದು ಬಹಳ ಮುಖ್ಯವಾದ ಪ್ರಶ್ನೆ, ಸರ್. ಮೆಮೊರಿಯ ಬಫರ್‌ಗೆ ಹೇಳಿದ ಮಾತೇ ಪೇಜ್ ಕ್ಯಾಶ್‌ಗೂ ಸಲ್ಲುತ್ತದೆ: ಸೆಂಡ್‌ಫೈಲ್ ಮರಳಿದ ಮೇಲೂ ಆ ಪುಟಗಳು ಕಳಿಸುವ ಸರದಿಯಲ್ಲಿರುತ್ತವೆ, ಅದೇ ಫೈಲ್‌ನ ಮೇಲೆಯೇ ಬರೆದರೆ ತಿದ್ದಿದ ಬೈಟ್‌ಗಳು ಹಳೆಯ ವಿಡಿಯೊದ ನಡುವೆ ಹೋಗಬಹುದು. ಆದ್ದರಿಂದ ಹೊಸ ವಿಡಿಯೊವನ್ನು ಅದೇ ಫೈಲ್ ವ್ಯವಸ್ಥೆಯಲ್ಲಿ ತಾತ್ಕಾಲಿಕ ಹೆಸರಿನಿಂದ ಪೂರ್ತಿ ಬರೆದು, ಆಮೇಲೆ ರಿನೇಮ್ ಮಾಡಿ ಹಳೆಯ ಹೆಸರಿಗೆ ತರಬೇಕು. ಹಳೆಯ ಫೈಲನ್ನು ತೆರೆದಿಟ್ಟುಕೊಂಡವರಿಗೆ ಅದು ಮುಚ್ಚುವವರೆಗೂ ಹಳೆಯದೇ ಸಿಗುತ್ತದೆ, ಹೊಸದಾಗಿ ತೆರೆದವರಿಗೆ ಹೊಸದು. ಅಧ್ಯಾಪಕರು ನೇರವಾಗಿ ಆ ಫೋಲ್ಡರ್‌ಗೆ ನಕಲಿಸುವ ರೂಢಿಯಿದ್ದರೆ ಅದನ್ನು ನಿಲ್ಲಿಸಿ, ಒಂದು ಸಣ್ಣ ಸ್ಕ್ರಿಪ್ಟ್ ಮೂಲಕವೇ ಹಾಕಿಸಿರಿ.

ಎರಡನೆಯದಕ್ಕೆ: ಒಂದು ಕರೆಯಲ್ಲಿ ಹೆಚ್ಚೆಂದರೆ 2,147,479,552 ಬೈಟ್ ಮಾತ್ರ ಹೋಗುತ್ತದೆ, ಅದಕ್ಕಿಂತ ಕಡಿಮೆಯೂ ಹೋಗಬಹುದು. ಎಷ್ಟು ಹೋಯಿತೆಂದು ಕರೆಯ ಉತ್ತರದಲ್ಲಿ ನೋಡಿ, ಉಳಿದದ್ದಕ್ಕೆ ಲೂಪ್‌ನಲ್ಲಿ ಮತ್ತೆ ಕರೆಯಬೇಕು. ಆಫ್‌ಸೆಟ್‌ಗೆ (ಫೈಲ್‌ನಲ್ಲಿ ಎಲ್ಲಿಂದ ಕಳಿಸಬೇಕೆಂಬುದಕ್ಕೆ) ತಮ್ಮದೇ ವೇರಿಯಬಲ್ ಕೊಟ್ಟರೆ ಕರ್ನೆಲ್ ಅದನ್ನು ತಾನೇ ಮುಂದಕ್ಕೆ ಸರಿಸುತ್ತದೆ, ಫೈಲ್‌ನ ಸ್ಥಾನ ಬದಲಾಗುವುದಿಲ್ಲ; ಹೀಗಾಗಿ ಒಮ್ಮೆ ತೆರೆದ ಫೈಲನ್ನು ಹಲವು ವೀಕ್ಷಕರ ನಡುವೆ ಹಂಚಿಕೊಳ್ಳಬಹುದು. ಒಂದೇ ಥ್ರೆಡ್ ಹಲವು ಸಾಕೆಟ್‌ಗಳನ್ನು ನೋಡಿಕೊಳ್ಳುತ್ತಿದ್ದರೆ ಒಂದು ಕರೆಗೆ 2 ಮೆಗಾಬೈಟ್‌ನಷ್ಟು ಮಿತಿ ಹಾಕಿರಿ. ಇಲ್ಲದಿದ್ದರೆ ವೇಗದ ಸಂಪರ್ಕವಿರುವ ಒಬ್ಬರೇ ಥ್ರೆಡ್ಡನ್ನು ಪೂರ್ತಿ ಆಕ್ರಮಿಸಿಕೊಳ್ಳುತ್ತಾರೆ. ಎಂಜಿನ್ಎಕ್ಸ್‌ನಲ್ಲಿ ಈಗ ತಾನಾಗಿಯೇ ಇರುವ ಮಿತಿಯೂ ಅಷ್ಟೇ.