ಬಲ್ಬ್ ಬದಲಿಸಿದರೂ ಹೆಡ್‌ಲೈಟ್ ಮಂಕು: ಹಳೇ ಕಾರು, ಸಹಾಯ ಬೇಕು

ಹಳೇಗಾಡಿ:
ಕಾರಿಗೆ ಇಪ್ಪತ್ತೈದು ವರ್ಷ ದಾಟಿದೆ. ಎರಡೂ ಹೆಡ್‌ಲೈಟ್ ಮಂಕು. ಎಡಗಡೆಯದಂತೂ ಎಣ್ಣೆ ದೀಪದ ಹಾಗೆ ಹಳದಿ. ಹೊಸ ಎಚ್4 ಹ್ಯಾಲೊಜೆನ್ ಬಲ್ಬ್ (ಹೈ ಬೀಮ್ 60, ಲೋ ಬೀಮ್ 55 ವ್ಯಾಟ್) ಹಾಕಿ ನೋಡಿದೆ, ಏನೂ ಪ್ರಯೋಜನ ಆಗಲಿಲ್ಲ. ಮುಂದಿನ ಗಾಜು ಚೊಕ್ಕಟವಾಗಿದೆ. ಮಳೆ ರಾತ್ರಿಯಲ್ಲಿ ರಸ್ತೆ ಅಂಚೇ ಕಾಣುವುದಿಲ್ಲ, ನಿಜವಾಗಿ ಭಯವಾಗುತ್ತದೆ. 100/90 ವ್ಯಾಟ್ ಬಲ್ಬ್ ಹಾಕಿಬಿಡಲಾ?

ವೈರಿಂಗ್‌ಮಿತ್ರ:
ಬೇಡ ಸರ್, ದಯವಿಟ್ಟು ಹಾಕಬೇಡಿ. ಹಳೇ ವೈರಿನಲ್ಲಿ ಅಷ್ಟು ಕರೆಂಟ್ ಹರಿದರೆ ಹೋಲ್ಡರ್ ಕರಗುತ್ತದೆ, ಸ್ವಿಚ್ ಸುಡುತ್ತದೆ.

ಬಲ್ಬ್ ಹೊಸದು, ಗಾಜು ಚೊಕ್ಕಟ ಅಂದಮೇಲೆ ನನ್ನ ಅನುಮಾನ ವೋಲ್ಟೇಜ್ ಮೇಲೆ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ. 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ. 30ರಷ್ಟು ಇಳಿಯುತ್ತದೆ, ಬಣ್ಣವೂ ಹಳದಿಗೆ ತಿರುಗುತ್ತದೆ. ಹಾಗಾಗಿ ಸುಮ್ನೆ ಸಾಮಾನು ಕೊಳ್ಳುವ ಮೊದಲು ಒಂದು ಮಲ್ಟಿಮೀಟರ್ ಹಿಡಿದು ಅಳೆಯಿರಿ.

ಎಂಜಿನ್ ಓಡುತ್ತಿರಲಿ, ಲೋ ಬೀಮ್ ಉರಿಯುತ್ತಿರಲಿ. ಫ್ಯಾನ್ ಮತ್ತು ಬೆಲ್ಟಿನಿಂದ ಕೈ, ವೈರ್ ದೂರ ಇಟ್ಟುಕೊಳ್ಳಿ. ಮೊದಲು ಬ್ಯಾಟರಿಯ ಎರಡೂ ತುದಿಗೆ ಮೀಟರ್ ಹಿಡಿಯಿರಿ. 13.8ರಿಂದ 14.4 ವೋಲ್ಟ್ ಬರಬೇಕು. ಅದಕ್ಕಿಂತ ತುಂಬಾ ಕಡಿಮೆ ಇದ್ದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಬೇಕಾಗುತ್ತದೆ.

ಮುಖ್ಯ ಅಳತೆ ಇದರ ನಂತರದ್ದು. ಹೋಲ್ಡರ್ ಬಲ್ಬಿಗೆ ಸಿಕ್ಕಿಸಿದ ಹಾಗೇ ಇರಲಿ, ಮೀಟರಿನ ಪ್ರೋಬನ್ನು (ಚೂಪು ತುದಿ) ಹಿಂದಿನಿಂದ ತೂರಿಸಿ. ಹೋಲ್ಡರ್ ಬಿಚ್ಚಿ ಅಳೆದರೆ ಕರೆಂಟೇ ಹರಿಯುವುದಿಲ್ಲ, ಎಲ್ಲ ಸರಿ ಇದ್ದಂತೆ ಕಾಣುತ್ತದೆ. ತುಂಬಾ ಜನ ಎಡವುವುದು ಇಲ್ಲೇ. ಬ್ಯಾಟರಿ ಪ್ಲಸ್‌ನಿಂದ ಬಲ್ಬಿನ ಲೋ ಬೀಮ್ ಪಿನ್‌ವರೆಗೆ ಒಮ್ಮೆ, ಬಲ್ಬಿನ ಅರ್ಥಿಂಗ್ (ಕಾರಿನ ಬಾಡಿ ಮೂಲಕ ಮೈನಸ್‌ಗೆ ಮರಳುವ ದಾರಿ) ಪಿನ್‌ನಿಂದ ಬ್ಯಾಟರಿ ಮೈನಸ್‌ವರೆಗೆ ಇನ್ನೊಮ್ಮೆ. ಅಲ್ಲಿ ತೋರಿಸುವ ವೋಲ್ಟೇಜ್ ಅಷ್ಟೂ ದಾರಿಯಲ್ಲೇ ಸೋರಿಹೋಗುತ್ತಿದೆ ಅಂತ ಅರ್ಥ. ಒಂದು ಕಡೆ ಅರ್ಧ ವೋಲ್ಟ್ ದಾಟಿದರೆ ನಾನಂತೂ ಬಿಡುವುದಿಲ್ಲ.

ಹಾಗೇ, ಇಂಡಿಕೇಟರ್ ಹಾಕಿದಾಗ ಎಡ ದೀಪವೂ ಜೊತೆಗೆ ಮಿಣುಕುತ್ತದಾ? ಮಿಣುಕಿದರೆ ಎರಡಕ್ಕೂ ಸೇರಿದ ಅರ್ಥಿಂಗ್ ಕೆಟ್ಟಿರಬಹುದು.

ಹಳೇಗಾಡಿ:
ಬ್ಯಾಟರಿ 14.0. ಪ್ಲಸ್ ಕಡೆ ಎರಡೂ ದೀಪಕ್ಕೆ 0.9. ಮೈನಸ್ ಕಡೆ ಬಲಕ್ಕೆ 0.2, ಎಡಕ್ಕೆ 1.4. ಹೌದು, ಮಿಣುಕುತ್ತದೆ! ಇಷ್ಟು ದಿನ ಗಮನಿಸಿರಲೇ ಇಲ್ಲ.

ವೈರಿಂಗ್‌ಮಿತ್ರ:
ಸಿಕ್ಕಿತು ನೋಡಿ. ಎಡ ಬಲ್ಬಿಗೆ ತಲುಪುತ್ತಿರುವುದು 11.7 ವೋಲ್ಟ್ ಮಾತ್ರ. 14ರಲ್ಲಿ ಕೊಡಬೇಕಾದ ಬೆಳಕಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಮೊದಲು ಎಡ ಅರ್ಥಿಂಗ್. ಹೋಲ್ಡರಿನಿಂದ ಬರುವ ಆ ವೈರ್ ಬಾಡಿಗೆ ಎಲ್ಲಿ ಬೋಲ್ಟ್ ಆಗಿದೆ ಅಂತ ಹುಡುಕಿ, ಬಿಚ್ಚಿ, ಲೋಹ ಹೊಳೆಯುವ ತನಕ ಉಜ್ಜಿ.

ಪ್ಲಸ್ ಕಡೆ 0.9 ಎರಡಕ್ಕೂ ಒಂದೇ ಇದೆ, ಹಾಗಾಗಿ ತೊಂದರೆ ಎರಡೂ ದೀಪಕ್ಕೆ ಸೇರಿದ ದಾರಿಯಲ್ಲಿರಬೇಕು. ಹಳೇ ಕಾರುಗಳಲ್ಲಿ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸಾಧನ) ಇಲ್ಲದೆ ಎರಡೂ ಬಲ್ಬಿನ 8-9 ಆಂಪಿಯರ್ ಕರೆಂಟ್ ಸ್ವಿಚ್ಚಿನ ಮೂಲಕವೇ ಹೋಗುವುದುಂಟು. ನಿಮ್ಮದೂ ಹಾಗಿದ್ದರೆ ರಿಲೇ ಹಾಕಿ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಪಿನ್‌ಗೆ, 87ನೇ ಪಿನ್‌ನಿಂದ ಬಲ್ಬಿಗೆ ಹೊಸ ದಪ್ಪ ವೈರ್. ಹಳೇ ಲೋ ಬೀಮ್ ವೈರ್ 86ನೇ ಪಿನ್‌ಗೆ, 85ನೇ ಪಿನ್ ಅರ್ಥಿಂಗ್‌ಗೆ. ಹೈ ಬೀಮಿಗೆ ಬೇರೆ ರಿಲೇ. ವೈರಿಗೆ ಕೈ ಹಾಕುವ ಮೊದಲು ಬ್ಯಾಟರಿ ಮೈನಸ್ ಬಿಚ್ಚಿಡಿ.

ರಾತ್ರಿಪಯಣ:
ಒಂದು ಮಾತು ಸೇರಿಸುತ್ತೇನೆ. ಬಲ್ಬ್ ತೆಗೆದು ಒಳಗೆ ಟಾರ್ಚ್ ಬಿಟ್ಟು ರಿಫ್ಲೆಕ್ಟರ್ ನೋಡಿ. ಹೊಳಪು ಹೋಗಿ ಬೂದು ಬಣ್ಣಕ್ಕೆ ತಿರುಗಿದ್ದರೆ ಯಾವ ವೈರಿಂಗೂ ಉಪಯೋಗವಿಲ್ಲ, ದೀಪವನ್ನೇ ಬದಲಿಸಬೇಕು. ಒರೆಸಲು ಹೋಗಬೇಡಿ, ಆ ತೆಳು ಪದರ ಬಟ್ಟೆಗೇ ಬಂದುಬಿಡುತ್ತದೆ. ಹ್ಯಾಲೊಜೆನ್ ಬಲ್ಬಿನ ಗಾಜನ್ನೂ ಬೆರಳಿಂದ ಮುಟ್ಟಬೇಡಿ.

ಹಳೇಗಾಡಿ:
ರಿಫ್ಲೆಕ್ಟರ್ ಚೆನ್ನಾಗಿದೆ. ಅರ್ಥಿಂಗ್ ಬೋಲ್ಟ್ ಬ್ಯಾಟರಿ ಟ್ರೇ ಕೆಳಗೆ ಅಡಗಿತ್ತು. ವೈರಿನ ತುದಿಯ ರಿಂಗ್ ಮೇಲೆ ಹಸಿರು ಪುಡಿ, ಅದರಡಿ ತುಕ್ಕು. ಸ್ಪ್ಯಾನರ್ ಇಟ್ಟ ಕೂಡಲೇ ರಿಂಗ್ ಎರಡು ತುಂಡಾಯಿತು. ಹೊಸ ರಿಂಗ್ ಹಾಕಿ, ಉಜ್ಜಿ, ಬಿಗಿ ಮಾಡಿ ಮೇಲೆ ಗ್ರೀಸ್ ಸವರಿದೆ: 1.4 ಇದ್ದದ್ದು 0.1. ರಿಲೇ ಕೆಲಸ ಮುಗಿಸಿದ ಮೇಲೆ ಎರಡೂ ಬಲ್ಬಿಗೆ 13.6 ಬರುತ್ತಿದೆ. ಅದೇ ಬಲ್ಬ್, ಎಷ್ಟು ಬಿಳಿ ಬೆಳಕು! ಇಬ್ಬರಿಗೂ ಮನಸಾರೆ ಧನ್ಯವಾದ.

ವೈರಿಂಗ್‌ಮಿತ್ರ:
ತುಂಬಾ ಖುಷಿಯಾಯಿತು ಸರ್. ಈಗ ಗೋಡೆಯೆದುರು ನಿಲ್ಲಿಸಿ ಬೀಮ್ ಎತ್ತರ ನೋಡಿಬಿಡಿ. ಎದುರು ಬರುವವರ ಕಣ್ಣಿಗೆ ಹೊಡೆಯಬಾರದು ಅಲ್ವಾ.

ಹಳೇಗಾಡಿ:
ನೋಡಿದೆ. ಎಡದ್ದು ಬಲಕ್ಕಿಂತ ನಾಲ್ಕು ಬೆರಳು ಮೇಲಿತ್ತು. ಮಂಕಾಗಿದ್ದಾಗ ಗೊತ್ತೇ ಆಗಿರಲಿಲ್ಲ. ಸ್ಕ್ರೂ ತಿರುಗಿಸಿ ಇಳಿಸಿದೆ.